ಟೇಪು ನಿಂತ ಕಡೆಯಿಂದ

ಅರಸೀಕೆರೆ
9 ಜುಲೈ 2024

ಇಂದ್ರೇಶ,

ನಿನ್ನ ನಂಬರು ಬ್ಲಾಕ್ ಮಾಡಿದ್ದೀನಿ, ಅದಕ್ಕೇ ಈ ಕಾಗದ. ಫೋನಿನಲ್ಲಿ ಬೈಯೋಕೆ ಹೋದರೆ ನೀನು ಮಧ್ಯದಲ್ಲಿ ಬಾಯಿ ಹಾಕಿ "ಅಕ್ಕ, ಅಕ್ಕ" ಅಂತ ರಾಗ ಎಳೀತೀಯ, ನಾನು ಮೆತ್ತಗಾಗ್ತೀನಿ. ಚಿಕ್ಕಂದಿನಿಂದ ಇದೇ ಆಗಿದೆ. ಈ ಸಲ ಪೂರ್ತಿ ಬೈದು ಮುಗಿಸಬೇಕು.

ಹೋದ ವಾರ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಕೊಬ್ಬರಿ ಅಂಗಡಿ ಬಾಗಿಲು ಹಾಕಿ ಮನೆಗೆ ಬರ್ತಿದ್ದೆ. ನಮ್ಮ ಬೀದಿ ಬಸವಣ್ಣನ ಗುಡೀಲಿ ಸಂಜೆ ಮೈಕು ಹಾಕ್ತಾರಲ್ಲ, ಹೊಸ ಹಾಡು ಬರ್ತಿತ್ತು. "ಬಯಲಿನ ದೀಪವೆ, ಬಾರೋ ಗುರುವೆ" ಅಂತ ಮಾತು. ಮಾತು ಯಾರದೋ ಇರಲಿ. ರಾಗ ಕೇಳಿ ಬೇಲಿ ಗೂಟದ ಹಾಗೆ ನಿಂತುಬಿಟ್ಟೆ. ಅದು ನಮ್ಮ ಕ್ಯಾಸೆಟ್ಟಿನ ರಾಗ.

ಮರೆತಿದ್ದರೆ ನೆನಪಿಸ್ತೀನಿ. ಸ್ಟೇಷನ್ ರಸ್ತೆ ಕ್ಯಾಸೆಟ್ ಅಂಗಡಿಯವನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದು. ಮೇಲೆ ಹೆಸರಿಲ್ಲ, ಊರಿಲ್ಲ, "ಇಂಗ್ಲಿಷ್ - ಉದ್ದ" ಅಂತ ಅವನೇ ಬರೆದಿದ್ದ. ಯಾರದಪ್ಪಾ ಅಂದರೆ "ಅಮೆರಿಕದೋರು ಕಣಮ್ಮ, ರಾಕು" ಅಂದ. ನನ್ನ ತಮ್ಮ ಶಶಿಕಿರಣ, ಅವನ ಜೊತೆಗಾರ ನೀನು, ನಿಮ್ಮಿಬ್ಬರಿಗೂ ಕಾವಲು ನಾನು. ಮೂರು ಜನ ಅಟ್ಟದ ಮೇಲೆ ಕಾಯಿ ರಾಶಿ ಪಕ್ಕ ಕೂತು ಅದನ್ನು ಕೇಳಿ ಕೇಳಿ ತೇಯಿಸಿದ್ದೀವಿ. ಒಂದು ಹಾಡು ಮುಗಿಯೋದಕ್ಕೆ ಮೊದಲೇ ಅದರೊಳಗಿಂದ ಇನ್ನೊಂದು ಶುರುವಾಗೋದು. ರಾಕು ಅಂದರೆ ಕಿರುಚಾಟ ಅಂದುಕೊಂಡಿದ್ದ ನನಗೆ ಅಷ್ಟು ಮಧುರವಾಗಿ ಕೊಳಲೂ ಗಿಟಾರೂ ಕೇಳಿ ಆಶ್ಚರ್ಯ ಆಗಿತ್ತು. ಎರಡನೇ ಬದಿ ಪೂರ್ತಿ ಒಂದೇ ಹಾಡು, ಏಳೇಳು ಪೆಟ್ಟಿನ ಲೆಕ್ಕ. ಕಿರಣ ತೊಡೆ ತಟ್ಟಿಕೊಂಡು "ಇದು ನಮ್ಮ ಮಿಶ್ರಛಾಪು ಕಣೇ ಅಕ್ಕ" ಅಂತ ಕುಣಿದಿದ್ದ. ಹಾಡು ಎಲ್ಲಿಗೋ ಏರ್ತಾ ಇರುವಾಗ ಟೇಪು ಮುಗಿದು ಟಕ್ ಅಂತ ನಿಂತುಹೋಗೋದು.

ಅದನ್ನು ಕದ್ದು ಗುರುವೆ ಅಂತ ಸೇರಿಸಿದ್ದೀಯಲ್ಲೋ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಫ್ಲೆಕ್ಸು ನೋಡಿದೆ. ಪೇಟ, ಕೈಮುಗಿದ ಫೋಟೋ, "ರಾಗ ಸಂಯೋಜನೆ: ನಾದಚೇತನ ಬೇಲೂರು ಇಂದ್ರೇಶ್". ಆ ಬಿರುದು ಯಾರು ಕೊಟ್ಟರೋ, ನೀನೇ ಫ್ಲೆಕ್ಸಿನವನಿಗೆ ಹೇಳಿ ಹೊಡೆಸಿದೆಯೋ. ಒಳ್ಳೆ ಕೊಬ್ಬರಿ ಮೂಟೆಯಲ್ಲಿ ಒಂದು ಕೆಟ್ಟ ಗಿಟಕು ಒಡೆದರೆ ಕಮಟು ವಾಸನೆ ಮೂಗಿಗೆ ಹತ್ತಿ ದಿನವೆಲ್ಲ ಊಟ ಸೇರೋದಿಲ್ಲ. ನನಗೆ ಹಾಗಾಗಿದೆ. ಹೇಸಿಗೆ ಕಣೋ, ಬರೀ ಸಿಟ್ಟಲ್ಲ. ಸಿಟ್ಟಾದರೆ ಇಳಿಯುತ್ತೆ.

ಶ್ರಾವಣದ ಕಡೇ ಸೋಮವಾರ ಗುಡಿ ಕಮಿಟಿಯವರು ನಿನಗೆ ಶಾಲು ಹೊದಿಸ್ತಾರಂತೆ. ಅವತ್ತು ಮೈಕಿನಲ್ಲಿ "ಈ ರಾಗ ನನ್ನದಲ್ಲ" ಅಂತ ಒಂದು ಮಾತು ಹೇಳು. ಅಷ್ಟೇ ನಾನು ಕೇಳ್ತಿರೋದು.

ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಅಂತ ಹೊಸಿಲು ದಾಟದೆ ಇದ್ದವಳು ಈಗ ಸಂಜೆ ತಾನೇ ನಡೆದು ಹೋಗಿ ಗುಡಿ ಕಟ್ಟೆ ಮೇಲೆ ಕೂತು ಬರ್ತಾಳೆ. ಭಕ್ತಿ ಜಾಸ್ತಿ ಆಗಿದೆ.

ಕ್ಷೇಮ ಕೇಳೋ ಮನಸ್ಸಿಲ್ಲದ,
ಉಷಾರಾಣಿ


ಬೇಲೂರು
20 ಜುಲೈ 2024

ಪ್ರೀತಿಯ ಉಷಕ್ಕ,

ನಿಮ್ಮ ಕಾಗದ ಬಂತು. ಪೋಸ್ಟ್‌ಮ್ಯಾನು "ಏನ್ ಸಾರ್, ಕೋರ್ಟಿಂದಾ?" ಅಂದ. ಈಗ ನಮಗೆಲ್ಲ ಕಾಗದ ಬರೆಯೋರು ಬೇರೆ ಯಾರಿದ್ದಾರೆ ಹೇಳಿ. ಬೈಗುಳವನ್ನೂ ಎರಡು ಸಲ ಓದಿದೆ.

ಕದ್ದೆ ಅನ್ನಬೇಡಿ ಅಕ್ಕ. ಆರ್ಕೆಸ್ಟ್ರಾಗಳೆಲ್ಲ ನಿಂತುಹೋದ ಮೇಲೆ ಜೆರಾಕ್ಸ್ ಅಂಗಡಿ ಮೇಲಿನ ರೂಮಿನಲ್ಲಿ ಒಂದು ಕೀಬೋರ್ಡು ಇಟ್ಟುಕೊಂಡು ಕೂತಿದ್ದೀನಿ. ಬರೋದೆಲ್ಲ ಭಕ್ತಿಗೀತೆ. "ನಾಳೆ ಬೆಳಗ್ಗೆಗೆ ರಾಗ ಕೊಡಿ" ಅಂತಾರೆ. ನಾಳೆ ಬೆಳಗ್ಗೆಗೆ ರಾಗ ಎಲ್ಲಿಂದ ಬರುತ್ತೆ? ಕೈ ತಾನಾಗೇ ಅಲ್ಲಿಗೆ ಹೋಯ್ತು. ಏಳು ಪೆಟ್ಟು, ನಮ್ಮ ಭಜನೆಯವರಿಗೆ ಹೇಳಿಕೊಡಬೇಕಾಗಿಯೇ ಬರಲಿಲ್ಲ, ಹುಟ್ಟಿದಾಗಿಂದ ಗೊತ್ತಿರೋರ ಹಾಗೆ ತಾಳ ಹಾಕಿದರು. ಇಲ್ಲಿ ನೋಡಿ, ದಿನ ಬೆಳಗಾದರೆ ಟೂರಿಸ್ಟುಗಳು ಬಂದು ನಮ್ಮ ಶಿಲಾಬಾಲಿಕೆಯರ ಫೋಟೋ ಹೊಡ್ಕೊಂಡು ಹೋಗಿ ಕಾಫಿ ಕಪ್ಪಿನ ಮೇಲೆ ಅಚ್ಚು ಹಾಕಿಸ್ತಾರೆ. ಅವರನ್ನ ಯಾರೂ ಕೇಳಲ್ಲ.

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜನಕ್ಕೆ ಹಿಡಿಸಿರೋದು ಮೊದಲಿನ ಭಾಗ ಅಲ್ಲ, ಕೊನೆ. ಹಾಸನದಲ್ಲಿ ಒಂದು ಗೃಹಪ್ರವೇಶದಲ್ಲಿ ಹಾಡಿಸಿದೆ. ಕೊನೆ ಬಂದಾಗ ಅಡುಗೆಯೋರು ಸೌಟು ಕೈಯಲ್ಲಿ ಹಿಡ್ಕೊಂಡೇ ನಿಂತರು. ಅಂಥ ಕೊನೆ ಯಾವ ಅಮೆರಿಕದೋನಿಗೂ ಬರಲ್ಲ ಅಕ್ಕ.

ಸನ್ಮಾನದ ದಿನ ಹೇಗೆ ಹೇಳೋದು ಅಂತ ಯೋಚನೆ ಮಾಡ್ತೀನಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಂಬರು ಅನ್‌ಬ್ಲಾಕ್ ಮಾಡಿದರೆ ಉಪಕಾರ.

ನಿಮ್ಮ ಮನೆ ಉಪ್ಪಿಟ್ಟಿನ ಋಣದಲ್ಲಿರುವ,
ಇಂದ್ರೇಶ್


ಅರಸೀಕೆರೆ
2 ಆಗಸ್ಟ್ 2024

ಇಂದ್ರೇಶ,

"ಅಂಥ ಕೊನೆ ಯಾವ ಅಮೆರಿಕದೋನಿಗೂ ಬರಲ್ಲ." ಜಂಬ ಕೊಚ್ಚಿಕೊಳ್ಳೋಕೆ ಹೋಗಿ ಬಾಯಿ ಬಿಟ್ಟೆ ನೋಡು. ಆ ಒಂದು ಸಾಲು ನನಗೆ ಮುಳ್ಳಾಯ್ತು.

ಅಟ್ಟ ಹತ್ತಿ ಹಳೇ ಟೇಪ್‌ರೆಕಾರ್ಡರ್ ಇಳಿಸಿದೆ. ಬೆಲ್ಟು ಸಡಿಲ, ಹಾಡು ಕುಡಿದವನ ಹಾಗೆ ತೊದಲುತ್ತೆ. ಆದರೂ ನನ್ನ ಮಗಳು ಸಿಂಧು ತನ್ನ ಫೋನು ಅದರ ಮುಂದೆ ಹಿಡಿದಳು. ಫೋನು ಕೇಳಿಸಿಕೊಂಡು ಹೆಸರು ಹೇಳೇ ಬಿಡ್ತು. ಇಷ್ಟು ವರ್ಷ ನಮಗೆ ಗೊತ್ತಿಲ್ಲದ ಹೆಸರು. "ದಿ ಲ್ಯಾಂಪ್‌ಲೈಟರ್ಸ್ ಮೀಡೋ" ಅಂತ ಆಲ್ಬಂ. ಓಹಾಯೋ ಅನ್ನೋ ಕಡೆಯ ಐದು ಜನ. ಅಣೆಕಟ್ಟು ಕಟ್ಟಿ ಮುಳುಗೋ ಒಂದು ಊರು, ಎಲ್ಲರೂ ಬಿಟ್ಟು ಹೋದ ಮೇಲೂ ದೀಪ ಹಚ್ಚೋ ಒಬ್ಬ ಮುದುಕ, ಅವನ ಕಥೆಯೇ ಆಲ್ಬಂ ಪೂರ್ತಿ. ಅಷ್ಟು ಸಲ ಕೇಳಿದರೂ ನಮಗೆ ಒಂದು ಮಾತೂ ಅರ್ಥ ಆಗಿರಲಿಲ್ಲ, ನೋಡು.

ಅಂಗಡಿಯಲ್ಲಿ ಮೂಟೆ ಮೇಲೆ ಕೂತು ಇಯರ್‌ಫೋನ್ ಹಾಕ್ಕೊಂಡು ಆ ಉದ್ದದ ಹಾಡು ಕೊನೇ ತನಕ ಕೇಳಿದೆ. ಟೇಪು ನಿಲ್ಲೋ ಜಾಗ ಬಂತು. ನಿಲ್ಲಲಿಲ್ಲ. ಮುಂದಕ್ಕೆ ಹೋಯ್ತು. ಡ್ರಮ್ಮು ಜೋರಾಯ್ತು, ಹತ್ತಾರು ಜನ ಒಟ್ಟಿಗೆ ಹಾಡಿದರು, ಗಿಟಾರು ಮೇಲೆ ಮೇಲೆ ಹೋಗಿ ಅತ್ತಿತು, ಕೊನೆಗೆ ಗಂಟೆ ಹೊಡೆದರು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಅದು ನಿನ್ನ ಭಕ್ತಿಗೀತೆಯ ಕೊನೆ ಅಲ್ಲ. ನಮ್ಮ ಕಿರಣ ಗುನುಗ್ತಿದ್ದದ್ದೂ ಅಲ್ಲ.

ಕಿರಣ ಅಟ್ಟದ ಮೇಲೆ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯಾ ಅಂತ ಕೇಳಿಸಿಕೊಳ್ತಾ ಗುನುಗೋನಲ್ಲ, ಆ ರಾಗ ಮೂರು ಸಲ ಕೆಳಗಿಳಿದು, ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತ ಹಾಗೆ ನಿಲ್ಲೋದು. "ಇದೆಲ್ಲಿತ್ತೋ, ಟೇಪಿನಲ್ಲಿ ಇಲ್ವಲ್ಲ" ಅಂತ ನಾನು ಒಂದು ಸಲ ಕೇಳಿದ್ದೆ. "ಮೈಸೂರಿನಲ್ಲಿ ಒಬ್ಬರ ರೂಮಿನಲ್ಲಿ ಪೂರ್ತಿ ಕೇಳಿದೆ ಅಕ್ಕ" ಅಂದಿದ್ದ. ನಾನು ನಂಬಿದ್ದೆ. ಅವನು ಜಾಂಡೀಸ್ ಆಗಿ ಹೋಗಿ ಇಪ್ಪತ್ತು ವರ್ಷದ ಮೇಲಾಯ್ತು, ಇಲ್ಲಿಯ ತನಕ ನಂಬಿದ್ದೆ.

ಆ ಕೊನೆ ಕಿರಣ ಕಟ್ಟಿದ್ದು. ನಿನಗೆ ಗೊತ್ತಿತ್ತು. ಅಮೆರಿಕದವರ ಮನೆಗೆ ಕನ್ನ ಹಾಕಿದ್ದೀಯ ಅಂತ ನಾನು ಕುಣೀತಾ ಇದ್ದರೆ ನೀನು ನಮ್ಮ ಮನೆ ಒಳಗೇ ಬಂದು ಹೋಗಿದ್ದೀಯ. ಗೊತ್ತಿತ್ತೋ ಇಲ್ಲವೋ, ಅದನ್ನು ಮಾತ್ರ ಬರಿ. ಶಿಲಾಬಾಲಿಕೆ ಪುರಾಣ ಬೇಡ.

ಉಷಾರಾಣಿ


ಬೇಲೂರು
11 ಆಗಸ್ಟ್ 2024

ಉಷಕ್ಕ,

ಗೊತ್ತಿತ್ತು.

ಹಳೇಬೀಡಿನಲ್ಲಿ ಆಗಿದ್ದು. ಕಿರಣ, ನಾನು ಇಬ್ಬರೂ ಜಾವಗಲ್ ಬಸ್ಸು ಹತ್ತಿ ಹೋಗಿ ಕೆರೆ ಏರಿ ಮೇಲೆ ಕೂತಿದ್ವಿ. ಟೇಪ್‌ರೆಕಾರ್ಡರು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ. ಟೇಪು ನಿಲ್ಲೋದು, ಇವನು ಹಿಂದಕ್ಕೆ ಓಡಿಸೋದು, ಮತ್ತೆ ನಿಲ್ಲೋದು. ನನಗೆ ತಲೆ ಕೆಟ್ಟು "ಬಿಡೋ ಮಾರಾಯ, ಸೆಲ್ಲು ಹೋಗುತ್ತೆ" ಅಂದೆ. ಅವನು ಟೇಪು ಆಫ್ ಮಾಡಿ ನೀರು ನೋಡ್ತಾ ಕೂತ. ಆಮೇಲೆ, "ಅವರು ಹೆಂಗೆ ಮುಗಿಸಿದ್ದಾರೋ ಗೊತ್ತಿಲ್ಲ ಕಣೋ ಇಂದ್ರ. ಆದರೆ ಹಿಂಗೆ ಮುಗೀಬೇಕು" ಅಂತ ಹೇಳಿ ಹಾಡಿದ. ಒಂದೇ ಸಲಕ್ಕೆ, ಪೂರ್ತಿ. ಎಮ್ಮೆ ಮೈ ತೊಳೀತಿದ್ದ ಒಬ್ಬರು ಕೈ ನಿಲ್ಲಿಸಿ ನೋಡಿದರು.

ಅಕ್ಕನಿಗೆ ಹಾಡಿ ತೋರಿಸು ಅಂದೆ. "ಬೇಡ, ನಗ್ತಾಳೆ" ಅಂದ. ಮೈಸೂರಿನ ಸುಳ್ಳು ಅಲ್ಲೇ ಹುಟ್ಟಿದ್ದು.

ಮೂವತ್ತು ವರ್ಷ ನನ್ನ ಒಳಗೇ ಇತ್ತು ಅಕ್ಕ. ನಾನು ಎಷ್ಟೋ ರಾಗ ಕಟ್ಟಿದೆ, ಒಂದೂ ಯಾರ ಸೌಟನ್ನೂ ನಿಲ್ಲಿಸುವ ಹಾಗೆ ಬರಲಿಲ್ಲ. ಕಮಿಟಿಯವರು "ರಾಗ ಯಾರದ್ದು ಅಂತ ಹಾಕಿಸೋಣ" ಅಂತ ಕೇಳಿದಾಗ ನನ್ನ ಬಾಯಿಗೆ ಬಂದಿದ್ದು ನನ್ನ ಹೆಸರೇ. ನಾಚಿಕೆ ಆಗಲಿಲ್ಲ ಅವತ್ತು. ಈಗ ಆಗ್ತಿದೆ.

ಸನ್ಮಾನದ ದಿನ ಅವನ ಹೆಸರು ಹೇಳ್ತೀನಿ. ನನ್ನ ಮಾತು ನಂಬಿ.

ಇಂದ್ರೇಶ್


ಅರಸೀಕೆರೆ
11 ಸೆಪ್ಟೆಂಬರ್ 2024

ಇಂದ್ರೇಶ,

ನಂಬಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದೆ, ನಿನಗೆ ಕಾಣಲಿ ಅಂತ. ನೀನು ನನ್ನನ್ನು ನೋಡಿದೆ. ನೋಡಿ ತಲೆ ತಗ್ಗಿಸಿದೆ.

ಶಾಲು ಹೊದಿಸಿಕೊಂಡೆ, ಪೇಟ ಇಡಿಸಿಕೊಂಡೆ, ಹಣ್ಣಿನ ಬುಟ್ಟಿ ಹಿಡಿದು ಫೋಟೋಗೆ ನಿಂತೆ. ಕಮಿಟಿ ಅಧ್ಯಕ್ಷರು ಗಂಗಾಧರಪ್ಪ, ಹಾಡಿನ ಮಾತು ಬರೆದ ಮೇಷ್ಟ್ರು ಅವರೇ, "ಈ ರಾಗ ಇಂದ್ರೇಶ್ ಅವರ ಹೃದಯದಿಂದ ಹುಟ್ಟಿ ಬಂದದ್ದು" ಅಂದರು. ನೀನು ಮೈಕು ಹಿಡಿದು ಗಂಟಲು ಸರಿ ಮಾಡಿಕೊಂಡೆ. "ಎಲ್ಲಾ ಗುರುಗಳ ಕೃಪೆ" ಅಂದು ಕೂತೆ.

ಥೂ. ಬರೀತಾ ಇದ್ದರೂ ಬಾಯಿ ಕಹಿ ಆಗುತ್ತೆ. ನಿನ್ನ ಆ ಬಾಗಿದ ಕತ್ತು, ಆ ವಿನಯ, ಅದನ್ನು ನೋಡಿ ನನಗೆ ವಾಂತಿ ಬರೋದೊಂದು ಬಾಕಿ. ಕದ್ದವನನ್ನಾದರೂ ನೋಡಬಹುದು. ಕದ್ದು ಕೈಮುಗಿಯೋನನ್ನು ನೋಡೋಕಾಗಲ್ಲ.

ಮರುದಿನವೇ ಗಂಗಾಧರಪ್ಪನವರ ಮನೆಗೆ ಹೋದೆ. ಫೋನಿನಲ್ಲಿ ಅಮೆರಿಕದವರ ಹಾಡು ಹಾಕಿ ಕೈಗೆ ಕೊಟ್ಟೆ. ಮೊದಲನೇ ಸಾಲಿಗೇ ಅವರ ಮುಖ ಇಳೀತು. "ಇದು ರಾಕಾ? ಕುಡಿದು ಕುಣೀತಾರಲ್ಲ, ಅದಾ?" ಅಂದರು. ಹೂಂ ಅಂದೆ. ಫೋನು ಕೆಳಗಿಟ್ಟು ಕೋಳಿ ಸಾರು ಮುಟ್ಟಿದವರ ಹಾಗೆ ಪಂಚೆಗೆ ಕೈ ಒರೆಸಿಕೊಂಡರು. ಅದನ್ನು ನೋಡಿ ಅವರ ಮೇಲೂ ಹೇಸಿಗೆ ಆಯ್ತು. ಇಷ್ಟು ದಿನ ಕಣ್ಣು ಮುಚ್ಚಿ ತಲೆದೂಗಿದ್ದು ಅದೇ ರಾಗಕ್ಕೆ. ಕಿರಣನ ಸುದ್ದಿ ಎತ್ತಲಿಲ್ಲ. ಅವನ ಹೆಸರು ಆ ಪಂಚೆಗೆ ಒರೆಸಿದ ಕೈಗೆ ಸಿಗೋದು ಬೇಡ ಅನ್ನಿಸ್ತು.

ಅವತ್ತಿನ ಸಂಜೆಯಿಂದ ಮೈಕಿನಲ್ಲಿ ಹಾಡು ಇಲ್ಲ. ಯೂಟ್ಯೂಬಿನಿಂದಲೂ ತೆಗೀಬೇಕು ಅಂತ ನಿನಗೆ ಹೇಳಿದ್ದಾರಂತೆ. ಫ್ಲೆಕ್ಸು ನಿನ್ನೆ ಇಳಿಸಿದರು. ನಿನ್ನ ಪೇಟ ಸಮೇತ ಮಡಚಿ ಆಟೋದಲ್ಲಿ ಹಾಕ್ಕೊಂಡು ಹೋದರು. ನನಗೆ ಈಗ ತಣ್ಣಗಿದೆ.

ಇನ್ನು ಬರೀಬೇಡ.

ಉಷಾರಾಣಿ


ಬೇಲೂರು
17 ಅಕ್ಟೋಬರ್ 2024

ಉಷಕ್ಕ,

ಬರೀಬೇಡ ಅಂದಿದ್ದೀರಿ. ಇದೊಂದು.

ಹಾಡು ತೆಗೆದಿದ್ದೀನಿ, ನನ್ನ ಕಂಪ್ಯೂಟರಿನಿಂದಲೂ ಅಳಿಸಿದ್ದೀನಿ. ಎಲ್ಲೂ ಇಲ್ಲ. ಭಕ್ತಿಗೀತೆಗೆ ಅಂತ ಯಾರೂ ಈಗ ಮೆಟ್ಟಿಲು ಹತ್ತಿ ಬರಲ್ಲ. ಮದುವೆ ವಿಡಿಯೋಗಳಿಗೆ ಹಾಡು ಅಂಟಿಸಿಕೊಡ್ತೀನಿ. ದೂರು ಹೇಳ್ತಿಲ್ಲ.

ಅವತ್ತು ಮೈಕು ಹಿಡಿದಾಗ ಕಿರಣನ ಹೆಸರು ನಾಲಗೆ ತುದೀಲಿತ್ತು ಅಕ್ಕ, ಆಣೆ ಮಾಡಿ ಹೇಳ್ತೀನಿ. ಚಪ್ಪಾಳೆ ಬಿತ್ತು. ಅಷ್ಟು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರಲಿಲ್ಲ. ಹೆಸರು ಹೇಳಿದರೆ ನಿಂತುಹೋಗುತ್ತೆ ಅನ್ನಿಸ್ತು. ಇದಕ್ಕಿಂತ ಕೀಳಾದ್ದು ನನ್ನ ಹತ್ರ ಇಲ್ಲ, ಇದ್ದದ್ದು ಇದ್ದ ಹಾಗೆ ಬರೆದಿದ್ದೀನಿ.

ವೇದಿಕೆಯಿಂದ ಅಮ್ಮನನ್ನು ನೋಡಿದೆ. ಹೆಂಗಸರ ಜೊತೆ ಅಲ್ಲ, ಸ್ಪೀಕರಿನ ಕಂಬಕ್ಕೆ ಒರಗಿಕೊಂಡು ಕೂತಿದ್ದರು. ಅಷ್ಟು ಜೋರು ಸದ್ದಿನ ಪಕ್ಕ ಯಾಕೆ ಕೂತರು ಅಂತ ಗೊತ್ತಾಗಲಿಲ್ಲ. ಚೆನ್ನಾಗಿದ್ದಾರಾ?

ಇಂದ್ರೇಶ್


ಅರಸೀಕೆರೆ
8 ಡಿಸೆಂಬರ್ 2024

ಇಂದ್ರೇಶ,

ನಿನಗೆ ಬರೀಬಾರದು ಅಂತ ತೀರ್ಮಾನ ಮಾಡಿದ್ದೆ. ಈಗ ಬರೀತಾ ಇದ್ದೀನಿ, ನನ್ನ ಮೇಲೆ ನನಗೇ ಅಸಹ್ಯ ಪಟ್ಟುಕೊಂಡು.

ಹಾಡು ನಿಂತ ಮೇಲೂ ಅಮ್ಮ ದಿನಾ ಸಂಜೆ ಗುಡಿಗೆ ಹೋಗ್ತಿದ್ದಳು. ಮೈಕಿನಲ್ಲಿ ಬೇರೆ ಹಾಡು ಹಾಕೋರು. ಮುಗಿಯೋ ತನಕ ಕೂತಿದ್ದು ಬರೋಳು. ಬಂದು ಊಟ ಬೇಡ ಅನ್ನೋಳು. ಕಾರ್ತಿಕದ ಹೊತ್ತಿಗೆ ಹೋಗೋದು ಬಿಟ್ಟಳು. ಮತ್ತೆ ಮೊಣಕಾಲು ಅಂದಳು. ನಾನು ಎಣ್ಣೆ ತಿಕ್ಕಿದೆ, ಡಾಕ್ಟರ ಹತ್ರ ಕರ್ಕೊಂಡು ಹೋದೆ. ಕಾಲಿನಲ್ಲಿ ಏನೂ ಇಲ್ಲ, ವಯಸ್ಸು ಅಂದರು.

ಮೊನ್ನೆ ಮಧ್ಯಾಹ್ನ ಅವಳಿಗೆ ಅನ್ನ ಬಡಿಸ್ತಿದ್ದೆ. ತಟ್ಟೆ ನೋಡ್ತಾನೇ ಕೇಳಿದಳು. "ಕಿರಣನ ಪದ ಯಾಕೆ ಹಾಕ್ತಿಲ್ಲ ಕಣೇ ಈಗ?"

ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಅದನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ.

"ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಿಲ್ದೆ ಏನು. ಅಟ್ಟದ ಮ್ಯಾಲೆ ಕಾಯಿ ಅಲ್ಲಾಡಿಸ್ಕೊಂಡು ಅದನ್ನೇ ಗುನುಗ್ತಿರ್ಲಿಲ್ವಾ. ಮೊದಲ್ನೇ ದಿನ ಕೇಳ್ದಾಗ ಅಟ್ಟದ ಏಣಿ ಇಳೀತಾವ್ನೆ ಅನ್ಕೊಂಡು ತಿರುಗಿ ನೋಡ್ದೆ. ಮುಂದ್ಲದ್ದು ಏನೋ ಬರ್ತಿತ್ತು, ಅದು ನಂಗೆ ತಿಳೀಲಿಲ್ಲ. ಕಡೇಲಿ ಬರೋದಕ್ಕೆ ಅಂತ ಕಾಯ್ತಿದ್ದೆ."

"ಮತ್ತೆ ನನಗೆ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ಅದಕ್ಕೂ ಒಂದು ತಕರಾರು ತೆಗೀತಿದ್ದೆ ಕಣವ್ವ" ಅಂದಳು. ಬೈದು ಹೇಳಲಿಲ್ಲ. ಅನ್ನ ಕಲಸ್ತಾ ಹೇಳಿದಳು. ನಾನೇ ನಿಲ್ಲಿಸಿದ್ದು ಅಂತ ಅವಳಿಗೆ ಗೊತ್ತೋ ಇಲ್ಲವೋ, ಕೇಳೋ ಧೈರ್ಯ ನನಗೆ ಇಲ್ಲ.

ಸಿಂಧು ಫೋನಿನಲ್ಲಿ ಹುಡುಕಿದಳು, ನೀನು ಹೇಳಿದ ಹಾಗೆ ಎಲ್ಲೂ ಇಲ್ಲ. ಗಂಗಾಧರಪ್ಪನವರನ್ನು ಕೇಳಿದೆ, ಅವರು ಪೆನ್‌ಡ್ರೈವ್ ಅಳಿಸಿ ವಿಭೂತಿ ಹಚ್ಚಿ ಇಟ್ಟಿದ್ದಾರಂತೆ. ಅಮೆರಿಕದವರ ಕೊನೆಯನ್ನೇ ಅಮ್ಮನಿಗೆ ಕೇಳಿಸಿ ನೋಡಿದೆ. ಡ್ರಮ್ಮು, ಗಂಟೆ ಎಲ್ಲ ಮರ್ಯಾದೆಯಿಂದ ಕೇಳಿಸಿಕೊಂಡು, "ಪಾಪ, ಚೆನ್ನಾಗಿ ಬಾರಿಸ್ತಾರೆ. ಇದಲ್ಲ" ಅಂದಳು. ಕಡೆಗೆ ನಾನೇ ಅಡುಗೆ ಮನೇಲಿ ನಿಂತು ಗುನುಗಿದೆ. ಎರಡನೇ ಸಲ ಇಳಿಯೋ ಹೊತ್ತಿಗೆ ತಪ್ಪಿಹೋಯ್ತು. ನನಗೆ ಬರಲ್ಲ ಕಣೋ. ಅವನು ಇದ್ದಾಗ ನಗ್ತೀನಿ ಅಂತ ನನ್ನ ಮುಂದೆ ಹಾಡಲಿಲ್ಲ, ನಾನು ಕಲಿಯಲೂ ಇಲ್ಲ. ಈಗ ಈ ಭೂಮಿ ಮೇಲೆ ಅದು ಪೂರ್ತಿ ಇರೋದು ನಿನ್ನ ಒಬ್ಬನ ತಲೇಲಿ. ಬೇರೆ ಎಲ್ಲೂ ಜಾಗ ಸಿಗಲಿಲ್ಲವೇನೋ ಅದಕ್ಕೆ ಉಳಿಯೋಕೆ.

ನಿನ್ನ ಮೇಲಿನ ಹೇಸಿಗೆ ಹೋಗಿದೆ ಅಂದುಕೋಬೇಡ. ಹೋಗಿಲ್ಲ. ನಿನ್ನ ಮುಖ ನೋಡಿದರೆ ಆ ಹಣ್ಣಿನ ಬುಟ್ಟಿಯೇ ಕಾಣುತ್ತೆ. ಆದರೂ ಬರೋ ಭಾನುವಾರ ಜಾವಗಲ್ ಬಸ್ಸು ಹತ್ತಿ ಬಾ. ಕೀಬೋರ್ಡು ತರಬೇಡ, ಬಾಯಲ್ಲೇ ಹಾಡು. ಅಟ್ಟ ಹತ್ತಬೇಕು, ಏಣಿ ಹಳೇದೇ ಇದೆ. ಅಮ್ಮನನ್ನು ಕೆಳಗೆ, ಏಣಿ ಪಕ್ಕ ಕೂರಿಸಿರ್ತೀನಿ. ನಾನು ಹಿತ್ತಲಲ್ಲಿರ್ತೀನಿ. ನಗಲ್ಲ.

ಗುರುವೆ ಗಿರುವೆ ಏನೂ ಬೇಡ. ಮೊದಲಿನ ಭಾಗವೂ ಬೇಡ, ಅದು ಓಹಾಯೋದವರದ್ದು. ಟೇಪು ನಿಂತ ಕಡೆಯಿಂದ ಶುರು ಮಾಡು.

ಉಷಕ್ಕ